ಟೈಟಾನ್‌ನಿಂದ ಕಂಡ ಶನಿ: ಒಂದು ಚಿತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಚಿತ್ರಕಾರ ಚೆಸ್ಲಿ ಬೋನ್‌ಸ್ಟೆಲ್ 1944ರಲ್ಲಿ ಬರೆದ ‘ಟೈಟಾನ್‌ನಿಂದ ಕಂಡ ಶನಿ’ ಚಿತ್ರದ ಪ್ರಿಂಟ್ ಒಂದು ನನ್ನ ಹತ್ತಿರ ಇದೆ. ಸುರುಳಿ ಸುತ್ತಿ ಶಾಲೆಗಳಿಗೆ, ಗೆಳೆಯರ ಕೂಟಗಳಿಗೆ ಹೊತ್ತುಕೊಂಡು ಹೋಗುತ್ತಿರುತ್ತೇನೆ. ಮೂಲೆಗಳು ಹರಿದಿವೆ, ಟೇಪು ಹಚ್ಚಿದ್ದೇನೆ. ಎಲ್ಲಿ ಬಿಡಿಸಿದರೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲ ನೋಟಕ್ಕೆ

ಇದು ಯಾವ ಊರಿನ ಬೆಟ್ಟ ಸಾರ್? ಹಿಮಾಲಯನಾ?

ಅಲ್ಲ. ಇದು ಶನಿಗ್ರಹದ ಅತಿ ದೊಡ್ಡ ಚಂದ್ರ ಟೈಟಾನ್. ಅಡ್ಡಳತೆ 5,150 ಕಿ.ಮೀ. ನಮ್ಮ ಚಂದ್ರನಿಗಿಂತ ಒಂದೂವರೆ ಪಟ್ಟು. 1655ರಲ್ಲಿ ಕ್ರಿಸ್ಟಿಯಾನ್ ಹ್ಯೂಗನ್ಸ್ ಇದನ್ನು ಮೊದಲು ಕಂಡ. ಚಿತ್ರ ಬರೆಯುವ ಹೊತ್ತಿಗೆ ಮನುಷ್ಯ ಕಳಿಸಿದ ಯಾವ ಯಂತ್ರವೂ ಅಲ್ಲಿನ ದಾರಿ ಹಿಡಿದಿರಲಿಲ್ಲ. ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿತ್ತು.

ಆದರೆ ಹಿಮಾಲಯ ಅನ್ನಿಸಿದ್ದು ತಪ್ಪೇನಲ್ಲ. ಕಡಿದಾದ ಬಂಡೆಗಳು, ಅವಕ್ಕೆ ಮೆತ್ತಿದ ಹಿಮ, ಮೇಲೆ ದಟ್ಟ ನೀಲಿ ಆಕಾಶ. ನೋಡಿದ ಜಾಗ ಅನ್ನಿಸಬೇಕು, ಆಮೇಲೆ ತಲೆ ಎತ್ತಿದರೆ ಶನಿ ಕಾಣಬೇಕು. ಆ ಕ್ಷಣಕ್ಕಾಗಿಯೇ ಚಿತ್ರ ಕಟ್ಟಿದ್ದು.

ಫೋಟೋ ಅಲ್ವಾ ಇದು?

ಈ ಪ್ರಶ್ನೆ ಕೇಳಿದರೆ ಬೋನ್‌ಸ್ಟೆಲ್ ಖುಷಿಪಡುತ್ತಿದ್ದರು. ಫೋಟೋ ಅಲ್ಲ, ಆದರೆ ಫೋಟೋದ ಥರ ಕಾಣಲಿ ಅಂತಲೇ ಮಾಡಿದ್ದು. ಜೇಡಿಯಂಥ ವಸ್ತುವಿನಲ್ಲಿ ಬೆಟ್ಟಗಳ ಮಾದರಿ ಮಾಡುವುದು, ಅದಕ್ಕೆ ಒಂದೇ ಕಡೆಯಿಂದ ದೀಪ ಬಿಡುವುದು, ಫೋಟೋ ತೆಗೆದು ನೆರಳು ಹೇಗೆ ಬೀಳುತ್ತದೆ ಅಂತ ನೋಡುವುದು, ಕೊನೆಗೆ ಬಣ್ಣ. ಇದು ಅವರ ಕೆಲಸದ ರೀತಿ. ಕುಂಚದ ಗುರುತು ಕಾಣದ ಹಾಗೆ ನುಣ್ಣಗೆ ಬಳಿಯುತ್ತಿದ್ದರು.

ಬರೆದವರು ವಿಜ್ಞಾನಿಯಾ?

ಅಲ್ಲ. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಡ ವಿನ್ಯಾಸ ಓದಲು ಹೋಗಿ, ಮುಗಿಸದೆ ಬಿಟ್ಟರು. ಆದರೂ ಕಟ್ಟಡಗಳ ಚಿತ್ರ ಬರೆಯುವುದೇ ಬಹಳ ವರ್ಷ ಅವರ ಅನ್ನವಾಯಿತು. ನ್ಯೂಯಾರ್ಕಿನ ಕ್ರೈಸ್ಲರ್ ಕಟ್ಟಡದ ಹೊರಮೈಗೆ ಕೆಲಸ ಮಾಡಿದರು. ಗೋಲ್ಡನ್ ಗೇಟ್ ಸೇತುವೆ ಕಟ್ಟುವ ಮೊದಲೇ ಅದು ಹೇಗಿರುತ್ತದೆ ಅಂತ ಜನರಿಗೆ ಬರೆದು ತೋರಿಸಿದರು. 1938ರ ಸುಮಾರಿಗೆ ಹಾಲಿವುಡ್ಡಿಗೆ ಹೋಗಿ ಸಿನಿಮಾಗಳ ಹಿನ್ನೆಲೆ ಚಿತ್ರ ಬರೆಯತೊಡಗಿದರು. ಸೆಟ್ ಹಾಕಲಾಗದ ಊರು, ಕೋಟೆ, ಆಕಾಶವನ್ನು ಗಾಜಿನ ಮೇಲೆ ಬರೆದು ದೃಶ್ಯಕ್ಕೆ ಸೇರಿಸುವ ಕೆಲಸ ಅದು. ಇಲ್ಲದ್ದನ್ನು ಇದೆ ಅಂತ ನಂಬಿಸುವ ಕೈಚಳಕ.

ಶನಿಯ ಹುಚ್ಚು ಮಾತ್ರ ಅದಕ್ಕೂ ಹಳೆಯದು. 1905ರಲ್ಲಿ, 17ರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ ದೂರದರ್ಶಕದಲ್ಲಿ ಶನಿಯನ್ನು ನೋಡಿದರು. ಮನೆಗೆ ಬಂದು ಬರೆದರು. ಮರುವರ್ಷದ ಭೂಕಂಪ, ಬೆಂಕಿಯಲ್ಲಿ ಆ ಚಿತ್ರ ಸುಟ್ಟುಹೋಯಿತು. ಮುಂದೆ 1944ರ ಮೇ 29ರ ‘ಲೈಫ್’ ಪತ್ರಿಕೆಯಲ್ಲಿ ಶನಿಯನ್ನು ಅದರ ಬೇರೆ ಬೇರೆ ಚಂದ್ರಗಳಿಂದ ತೋರಿಸುವ ಚಿತ್ರಮಾಲೆ ಬಂತು. ಟೈಟಾನ್ ಅದರಲ್ಲೊಂದು. ಆಗ ಅವರಿಗೆ 56. ಮುಂದೆಯೂ ಇದೇ ದೃಶ್ಯವನ್ನು ಬದಲಿಸಿ ಬದಲಿಸಿ ಬರೆದರು. ಹಾಗಾಗಿ ನೀವು ನೋಡಿದ್ದು ನನ್ನದಕ್ಕಿಂತ ಸ್ವಲ್ಪ ಬೇರೆ ಇರಬಹುದು.

ಶನಿಯ ಚಿತ್ರ ಗೋಡೆಗೆ ಹಾಕಿದ್ರೆ ಏನೂ ಆಗಲ್ವಾ? ಅಮ್ಮ ಬೇಡ ಅಂತಾರೆ.

ನಗಬೇಡಿ. ಇದನ್ನು ಕೇಳದ ಊರಿಲ್ಲ.

ನಾನು ಅಮ್ಮಂದಿರ ಜೊತೆ ವಾದಕ್ಕೆ ಹೋಗುವುದಿಲ್ಲ, ಲೆಕ್ಕ ಹೇಳುತ್ತೇನೆ. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಹನ್ನೆರಡು ರಾಶಿಗೆ ಹಂಚಿದರೆ ರಾಶಿಗೆ ಎರಡೂವರೆ ವರ್ಷ. ಮೂರು ರಾಶಿಗೆ ಏಳೂವರೆ. ಸಾಡೇಸಾತಿಯ ಏಳೂವರೆ ಬಂದದ್ದು ಅಲ್ಲಿಂದ. ಶನೈಶ್ಚರ ಅಂದರೆ ನಿಧಾನ ನಡೆಯುವವನು ಅಂತ. ದೂರದರ್ಶಕ ಇಲ್ಲದ ಕಾಲದಲ್ಲಿ ಬರಿಗಣ್ಣಿನಲ್ಲಿ ಈ ನಿಧಾನವನ್ನು ಅಳೆದವರ ತಾಳ್ಮೆಗೆ ಕೈಮುಗಿಯಬೇಕು. ಇಷ್ಟು ಹೇಳಿದ ಮೇಲೆ ಒಬ್ಬ ತಾಯಿ ‘ಹಾಗಾದ್ರೆ ಹಾಲ್‌ನಲ್ಲಿ ಬೇಡ, ನಿನ್ನ ರೂಮಲ್ಲಿ ಹಾಕ್ಕೋ’ ಅಂದರು. ಗೆಲುವು ಅಂತಲೇ ಲೆಕ್ಕ.

ಚಿತ್ರಕಲೆಯ ಗಂಧಗಾಳಿ ಇಲ್ಲದವರು ಎಲ್ಲಿಂದ ನೋಡೋಕೆ ಶುರು ಮಾಡ್ಬೇಕು?

‘ಇದರ ಅರ್ಥ ಏನು’ ಅಂತ ಶುರು ಮಾಡಬೇಡಿ. ಸೂರ್ಯ ಎಲ್ಲಿದ್ದಾನೆ ಅಂತ ಹುಡುಕಿ. ಚಿತ್ರದಲ್ಲಿ ಸೂರ್ಯ ಇಲ್ಲ. ಆದರೆ ಶನಿಯ ಒಂದು ಮಗ್ಗುಲು ಬೆಳಗಿದೆ, ಉಳಿದದ್ದು ಕತ್ತಲಲ್ಲಿ ಕರಗಿದೆ. ಬಂಡೆಗಳ ಯಾವ ಮುಖಕ್ಕೆ ಬಿಸಿಲು ಬಿದ್ದಿದೆ ನೋಡಿ. ಎರಡೂ ಹೊಂದಬೇಕು. ಬೇರೆ ಲೋಕದ ಯಾವ ಚಿತ್ರ ಸಿಕ್ಕಿದರೂ ನಾನು ಮಾಡುವ ಮೊದಲ ಪರೀಕ್ಷೆ ಇದು. ಎಷ್ಟೋ ಪೋಸ್ಟರುಗಳಲ್ಲಿ ಗ್ರಹಕ್ಕೆ ಎಡದಿಂದ ಬೆಳಕು, ಬೆಟ್ಟಕ್ಕೆ ಬಲದಿಂದ. ಕೇಳಿದರೆ ‘ಅಲ್ಲಿ ಎರಡು ಸೂರ್ಯ’ ಅಂತಾರೆ!

ಆಮೇಲೆ ನಿಮ್ಮನ್ನು ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿ. ಇಲ್ಲಿ ನೀವು ಹಕ್ಕಿಯಲ್ಲ, ರಾಕೆಟ್ಟಿನಲ್ಲೂ ಇಲ್ಲ. ಕಾಲು ನೆಲದ ಮೇಲಿದೆ. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ತೆರೆದ ಜಾಗ, ಅಲ್ಲಿ ಶನಿ. ದೇವಸ್ಥಾನದ ಬಾಗಿಲಲ್ಲಿ ನಿಂತು ಗರ್ಭಗುಡಿ ನೋಡಿದ ಹಾಗೆ. ಕಟ್ಟಡ ಓದಿದ ಕೈ ಅಂತ ಗೊತ್ತಾಗುತ್ತದೆ.

ಮೂರನೆಯದು ಗಾಳಿ. ಚಾರ್ಮಾಡಿ ಘಾಟಿಯಲ್ಲಿ ನಿಂತರೆ ಹತ್ತಿರದ ಬೆಟ್ಟ ಹಸಿರು, ಅದರಾಚೆಯದು ನೀಲಿ, ಇನ್ನೂ ಆಚೆಯದು ಬೂದಿ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತೀವಲ್ಲ, ಆ ನುಣುಪು ಬೆಟ್ಟದ್ದಲ್ಲ, ನಡುವಿನ ಗಾಳಿಯದು. ನಮ್ಮ ಕಣ್ಣು ದೂರವನ್ನು ಅಳೆಯುವುದೇ ಅದರಿಂದ. ಗಾಳಿ ಇಲ್ಲದ ಚಂದ್ರನ ಮೇಲೆ ಈ ಲೆಕ್ಕ ಕೆಡುತ್ತದೆ. 1971ರ ಫೆಬ್ರವರಿಯಲ್ಲಿ ಅಪೊಲೊ 14ರ ಇಬ್ಬರು ಯಾನಿಗಳು ಕೋನ್ ಅನ್ನುವ ಕುಳಿಯ ಅಂಚು ಹುಡುಕುತ್ತಾ ಏದುಸಿರು ಬಿಟ್ಟು ಹತ್ತಿದರು. ಸಿಗದೆ ಹಿಂದಿರುಗಿದರು. ಆಮೇಲೆ ನೋಡಿದರೆ ಅಂಚು ಬರೀ 30 ಮೀಟರ್ ಆಸುಪಾಸಿನಲ್ಲಿತ್ತು. ಹಾಗಾಗಿ ಚಿತ್ರದ ದೂರದ ಬೆಟ್ಟ ಮಸುಕಾಗಿದೆಯಾ, ಚೂಪಾಗಿದೆಯಾ ಅಂತ ನೋಡಿ. ಅಲ್ಲಿ ಗಾಳಿ ಇದೆ ಅಂತ ಚಿತ್ರಕಾರ ನಂಬಿದ್ದಾರಾ ಇಲ್ಲವಾ, ಅಲ್ಲೇ ಬಾಯಿಬಿಟ್ಟಿರುತ್ತಾರೆ.

## ಇನ್ನೂ ಸ್ವಲ್ಪ ಹತ್ತಿರದಿಂದ

ಶನಿ ನಿಜವಾಗ್ಲೂ ಇಷ್ಟು ದೊಡ್ಡದಾಗಿ ಕಾಣುತ್ತಾ, ಸುಮ್ನೆ ದೊಡ್ಡದು ಮಾಡಿದ್ದಾರಾ?

ಕೈ ಮುಂದಕ್ಕೆ ಚಾಚಿ ನಡುವಿನ ಮೂರು ಬೆರಳು ಜೋಡಿಸಿ ಹಿಡಿಯಿರಿ. ಅಷ್ಟು ಅಗಲ, ಅಂದರೆ ಸುಮಾರು 5 ಡಿಗ್ರಿ. ಟೈಟಾನ್ ಆಕಾಶದಲ್ಲಿ ಶನಿಯ ಗೋಳ ಅದಕ್ಕಿಂತ ಒಂದಿಷ್ಟು ಜಾಸ್ತಿ, ಐದೂವರೆ ಡಿಗ್ರಿಯ ಹತ್ತಿರ. ನಮ್ಮ ಹುಣ್ಣಿಮೆ ಚಂದ್ರ ಅರ್ಧ ಡಿಗ್ರಿ. ಅಂದರೆ ಹನ್ನೊಂದು ಚಂದ್ರರನ್ನು ಸಾಲಾಗಿ ನಿಲ್ಲಿಸಿದಷ್ಟು. ಉಂಗುರವೂ ಸೇರಿದರೆ ಒಂದು ಮುಷ್ಟಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಸುಲಭ: ಶನಿಯ ಅಡ್ಡಳತೆ ಸುಮಾರು 1 ಲಕ್ಷ 20 ಸಾವಿರ ಕಿ.ಮೀ., ಟೈಟಾನ್ ಇರುವ ದೂರ 12 ಲಕ್ಷ 20 ಸಾವಿರ. ಹತ್ತಕ್ಕೊಂದು.

ಬೋನ್‌ಸ್ಟೆಲ್ ಈ ಲೆಕ್ಕ ಹಾಕದೆ ಕುಂಚ ಹಿಡಿಯುತ್ತಿರಲಿಲ್ಲ. ಹಾಗಾದರೆ ಚಿತ್ರದಲ್ಲಿ ಅಷ್ಟು ದೊಡ್ಡದು ಕಾಣುವುದು ಹೇಗೆ? ಸಿನಿಮಾದವರ ಉಪಾಯ. ಇಡೀ ಆಕಾಶವನ್ನು ತೋರಿಸದೆ ಕ್ಯಾಮೆರಾ ಕಿಟಕಿಯಷ್ಟು ಜಾಗವನ್ನು ಮಾತ್ರ ತೋರಿಸುವುದು. ಮದುವೆ ಫೋಟೋದಲ್ಲಿ ಝೂಮ್ ಹಾಕಿ ಹಿಂದಿನ ಚಂದ್ರನನ್ನು ದೊಡ್ಡದು ಮಾಡ್ತಾರಲ್ಲ, ಹಾಗೆ. ಮೋಸ ಅನ್ನಲಾರೆ. ಆಯ್ಕೆ.

ಶನಿಯ ಉಂಗುರ ಇಷ್ಟು ಚೆಂದ ಇರುವಾಗ ಬರೀ ಗೆರೆ ಎಳೆದು ಬಿಟ್ಟಿದ್ದಾರಲ್ಲ?

ನನಗೆ ಚಿತ್ರದಲ್ಲಿ ತುಂಬಾ ಹಿಡಿಸಿದ್ದೇ ಈ ಗೆರೆ. ಟೈಟಾನ್ ಸುತ್ತುವುದು ಹೆಚ್ಚುಕಡಿಮೆ ಉಂಗುರಗಳ ಮಟ್ಟದಲ್ಲೇ. ತಟ್ಟೆಯನ್ನು ಕಣ್ಣಿನ ಎತ್ತರಕ್ಕೆ ಹಿಡಿದು ಅಂಚಿನಿಂದ ನೋಡಿ. ತಟ್ಟೆ ಇಲ್ಲ, ಗೆರೆ ಇದೆ. ಉಂಗುರ ಅಗಲವಾಗಿ ಬಿಚ್ಚಿಕೊಂಡ ಶನಿಯೇ ಎಲ್ಲರಿಗೂ ಇಷ್ಟ, ಪತ್ರಿಕೆಯವರಿಗೂ ಇಷ್ಟ. ಆ ಆಸೆ ಬಿಟ್ಟು ಇವರು ಗೆರೆ ಎಳೆದರು. ಆದರೆ ಶನಿಯ ಮೈಮೇಲೆ ಉಂಗುರದ ನೆರಳು ಇರುತ್ತದಲ್ಲ, ಅಲ್ಲಿ ಉಂಗುರದ ಅಗಲ ನಿಮಗೆ ಸಿಗುತ್ತದೆ. ಮುಂದಿನ ಬಾಗಿಲು ಮುಚ್ಚಿ ಹಿಂದಿನ ಬಾಗಿಲು ತೆರೆದಿಟ್ಟ ಹಾಗೆ.

ಅಲ್ಲಿ ಶನಿ ಎಷ್ಟೊತ್ತಿಗೆ ಹುಟ್ಟುತ್ತೆ, ಎಷ್ಟೊತ್ತಿಗೆ ಮುಳುಗುತ್ತೆ?

ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಚಂದ್ರ ನಮಗೆ ಒಂದೇ ಮುಖ ತೋರಿಸುವ ಹಾಗೆ ಟೈಟಾನ್ ಕೂಡ ಶನಿಗೆ ಒಂದೇ ಮುಖ ತೋರಿಸುತ್ತದೆ. ನಿಂತ ಜಾಗದಿಂದ ಶನಿ ಆಕಾಶದಲ್ಲಿ ಮೊಳೆ ಹೊಡೆದ ಹಾಗೆ ಇರುತ್ತದೆ. ಸುಮಾರು 16 ದಿನಕ್ಕೊಮ್ಮೆ ಅಮಾವಾಸ್ಯೆ, ಹುಣ್ಣಿಮೆ ಎರಡೂ ಆಗಿ ಮುಗಿಯುತ್ತವೆ, ಅಷ್ಟೆ. ಟೈಟಾನಿನ ಆಚೆ ಮಗ್ಗುಲಲ್ಲಿ ನಿಂತವರಿಗೆ ಶನಿಯ ದರ್ಶನವೇ ಇಲ್ಲ.

ಸೂರ್ಯನಿಂದ ಅಷ್ಟು ದೂರ ಅಂತೀರಿ. ಇಷ್ಟೊಂದು ಬೆಳಕು ಎಲ್ಲಿಂದ ಬಂತು?

ಶನಿಯ ಹತ್ತಿರ ಬಿಸಿಲು ನಮ್ಮದರ 90ರಲ್ಲಿ ಒಂದು ಪಾಲು. ಕೇಳಲು ಕತ್ತಲೆ ಅನ್ನಿಸುತ್ತದೆ, ಆದರೆ ಹುಣ್ಣಿಮೆ ಬೆಳದಿಂಗಳಿಗಿಂತ ಅದು ನಾಲ್ಕು ಸಾವಿರ ಪಟ್ಟು ಜಾಸ್ತಿ. ಕಣ್ಣು ಒಗ್ಗಿಕೊಂಡರೆ ಎಲ್ಲ ಕಾಣುತ್ತದೆ. ಬಿಸಿಲಿನ ಲೆಕ್ಕ ಸರಿಯೇ ಇದೆ. ಎಡವಟ್ಟಾದದ್ದು ಬೇರೆ ಕಡೆ.

ಆಕಾಶ ನೀಲಿ ಯಾಕೆ? ಬಾಹ್ಯಾಕಾಶ ಕಪ್ಪು ಅಲ್ವಾ?

ಗಾಳಿ ಇರುವಲ್ಲಿ ಹಗಲು ಆಕಾಶಕ್ಕೆ ಬಣ್ಣ ಬರುತ್ತದೆ. ಟೈಟಾನಿಗೆ ಗಾಳಿ ಇರಬಹುದು ಅಂತ ಸ್ಪೇನಿನ ಖಗೋಳ ವೀಕ್ಷಕ ಕೋಮಸ್ ಸೋಲಾ 1907ರಲ್ಲೇ ಅನುಮಾನಪಟ್ಟಿದ್ದರು. ಅದರ ಅಂಚು ನಡುವಿಗಿಂತ ಮಸುಕಾಗಿ ಕಂಡಿತ್ತು. 1944ರಲ್ಲಿ ಖಗೋಳ ವಿಜ್ಞಾನಿ ಜೆರಾರ್ಡ್ ಕೈಪರ್ ಟೈಟಾನಿನ ಬೆಳಕನ್ನು ಬಿಡಿಸಿ ನೋಡಿ ಅಲ್ಲಿ ಮೀಥೇನ್ ಅನಿಲ ಇದೆ ಅಂತ ಪ್ರಕಟಿಸಿದರು. ಚಿತ್ರ ಬಂದ ವರ್ಷವೇ. ಗಾಳಿ ಇದೆ ಅಂದಮೇಲೆ, ನಮ್ಮ ಹಾಗೆ ನೀಲಿ. ಆ ಕಾಲಕ್ಕೆ ಅದಕ್ಕಿಂತ ಒಳ್ಳೆಯ ಊಹೆ ಇರಲಿಲ್ಲ.

1980ರ ನವೆಂಬರ್ 12ರಂದು ನಾಸಾದ ವಾಯೇಜರ್ 1 ನೌಕೆ ಟೈಟಾನಿನ ಹತ್ತಿರ ಹಾದುಹೋಯಿತು. ಕಂಡದ್ದು ಒಂದು ಕಿತ್ತಳೆ ಉಂಡೆ. ಬೆಟ್ಟ ಇಲ್ಲ, ಕಣಿವೆ ಇಲ್ಲ, ಬರೀ ಮಬ್ಬು. ಬಿಸಿಲಿನ ಅತಿನೇರಳೆ ಕಿರಣ ಮೀಥೇನ್, ನೈಟ್ರೋಜನ್ನುಗಳನ್ನು ಒಡೆದು ಹೊಸ ಕಣಗಳನ್ನು ಕಟ್ಟುತ್ತದೆ. ಆ ಕಣಗಳ ಮಬ್ಬು ಇಡೀ ಟೈಟಾನನ್ನು ಕಂಬಳಿ ಹೊದೆಸಿದ ಹಾಗೆ ಮುಚ್ಚಿದೆ. 2005ರ ಜನವರಿ 14ರಂದು ಹ್ಯೂಗನ್ಸ್ ನೌಕೆ ಆ ಕಂಬಳಿಯೊಳಗೆ ಇಳಿಯಿತು. ಕೆಳಗೂ ಕಿತ್ತಳೆ ಆಕಾಶ. ಅಲ್ಲಿ ನಿಂತರೆ ನಿಮ್ಮ ಕಣ್ಣಿಗೆ ಶನಿ ಕಾಣುವುದಿಲ್ಲ.

ಈ ಮಾತು ಹೇಳಿದಾಗ ಕೋಣೆಯಲ್ಲಿ ಒಂದು ‘ಅಯ್ಯೋ’ ಕೇಳುತ್ತದೆ, ಪ್ರತಿ ಸಲ.

## ತಪ್ಪು, ಒಪ್ಪು

ಹಾಗಾದ್ರೆ ಹೆಸರೇ ತಪ್ಪು! ಕಾಣದೇ ಇರೋದನ್ನ ಬರೆದ ಚಿತ್ರ ಯಾಕೆ ಹೊತ್ಕೊಂಡು ತಿರುಗ್ತೀರಿ?

ಯಾವುದು ತಪ್ಪು, ಯಾವುದು ಸರಿ ಅಂತ ಬಿಡಿಸಿ ನೋಡಿ. ಶನಿಯ ಗಾತ್ರ, ಉಂಗುರದ ಗೆರೆ, ಬೆಳಕು ಬೀಳುವ ದಿಕ್ಕು ಸರಿ. ಇವೆಲ್ಲ ಲೆಕ್ಕಕ್ಕೆ ಸಿಗುವಂಥವು, ಭೂಮಿಯಲ್ಲೇ ಕುಳಿತು ಹಾಕಬಹುದಾದ ಲೆಕ್ಕ. ಆಕಾಶದ ಬಣ್ಣ, ನೆಲದ ರೂಪ ತಪ್ಪು. ಅಲ್ಲಿಗೆ ಹೋಗದೆ ತಿಳಿಯಲಾಗದಂಥವು. 1944ರಲ್ಲಿ ಮನುಷ್ಯನಿಗೆ ಟೈಟಾನ್ ಬಗ್ಗೆ ಗೊತ್ತಿದ್ದದ್ದು ಎಲ್ಲಿ ಮುಗಿಯಿತು, ಆಸೆ ಎಲ್ಲಿ ಶುರುವಾಯಿತು ಅನ್ನುವ ಗಡಿ ಈ ಹಾಳೆಯ ಮೇಲೇ ಇದೆ. ಶನಿಯಿಂದ ಕಣ್ಣು ಇಳಿಸಿ ಬೆಟ್ಟಕ್ಕೆ ತನ್ನಿ. ಗಡಿ ದಾಟಿದಿರಿ. ನಾನು ಹೊತ್ತು ತಿರುಗುವುದು ಆ ಗಡಿಗಾಗಿ.

ಚಂದ್ರನ ವಿಷಯದಲ್ಲೂ ಎಡವಿದ್ರಂತೆ?

ಹೌದು, ಅದು ಇನ್ನೂ ದೊಡ್ಡ ಕಥೆ. 1957ರಲ್ಲಿ ಬೋಸ್ಟನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಚಂದ್ರನ ನೆಲದ ಭಾರಿ ಚಿತ್ರ ಬರೆದುಕೊಟ್ಟರು. 40 ಅಡಿ ಉದ್ದ, 10 ಅಡಿ ಎತ್ತರ. ಹಲ್ಲಿನಂತೆ ಚೂಪಾದ ಶಿಖರಗಳು. ಅಲ್ಲಿ ಮಳೆ ಇಲ್ಲ, ಗಾಳಿ ಇಲ್ಲ, ಹಾಗಾಗಿ ಸವೆತ ಇಲ್ಲ, ಅಂದಮೇಲೆ ಬೆಟ್ಟ ಚೂಪಾಗಿರಬೇಕು ಅನ್ನುವುದು ತರ್ಕ. ಅಪೊಲೊ ಯಾನಿಗಳು ಹೋಗಿ ನೋಡಿದರೆ ಬೆಟ್ಟಗಳು ಬೆಣ್ಣೆಮುದ್ದೆಯ ಹಾಗೆ. ಕೋಟಿ ಕೋಟಿ ವರ್ಷ ಬಿದ್ದ ಸಣ್ಣ ದೊಡ್ಡ ಉಲ್ಕೆಗಳೇ ಅಲ್ಲಿ ಮಳೆಯ ಕೆಲಸ ಮಾಡಿದ್ದವು. ಚಂದ್ರನಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೆ! 1970ರಲ್ಲಿ ಆ ಚಿತ್ರವನ್ನು ಗೋಡೆಯಿಂದ ಇಳಿಸಿದರು. ಈಗ ಅದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಬಳಿ ಇದೆ.

ಆ ಕಾಲಕ್ಕೆ ಗೊತ್ತಾಗುವಂತಿರಲಿಲ್ಲ ಅಂತ ಇಲ್ಲಿ ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಫ್ರಾನ್ಸಿನ ಲೂಸಿಯೆನ್ ರುಡೋ ಅನ್ನುವ ಚಿತ್ರಕಾರ ಎಷ್ಟೋ ಮೊದಲೇ ಚಂದ್ರನ ಬೆಟ್ಟಗಳನ್ನು ಗುಂಡಗೆ ಬರೆದಿದ್ದರು. ದೂರದರ್ಶಕದಲ್ಲಿ ಚಂದ್ರನ ಅಂಚನ್ನು ನೋಡಿ, ಅಲ್ಲಿ ಬೆಟ್ಟಗಳ ಆಕಾರ ಹೇಗಿದೆಯೋ ಹಾಗೇ. ನೋಡಿದವರು ಸರಿ ಬರೆದರು, ತರ್ಕ ಮಾಡಿದವರು ತಪ್ಪು ಬರೆದರು. ಆದರೂ ಜನರ ಮನಸ್ಸಿನಲ್ಲಿ ಕೂತದ್ದು ಚೂಪು ಬೆಟ್ಟವೇ. ಗುಂಡು ಬೆಟ್ಟ ನೋಡಿ ಯಾರು ರಾಕೆಟ್ ಹತ್ತುತ್ತಾರೆ, ಹೇಳಿ.

ಈಗ ಯಾರಾದ್ರೂ ಸರಿಯಾದ ಟೈಟಾನ್ ಬರೀಬೇಕು ಅಂದ್ರೆ ಏನೇನು ಬೇಕು?

ಮೈನಸ್ 179 ಡಿಗ್ರಿ ಸೆಲ್ಸಿಯಸ್ ಚಳಿ. ಆ ಚಳಿಯಲ್ಲಿ ನೀರಿನ ಮಂಜುಗಡ್ಡೆಯೇ ಬಂಡೆಗಲ್ಲು. ಬೋನ್‌ಸ್ಟೆಲ್ ಬಂಡೆಯ ಮೇಲೆ ಹಿಮ ಬರೆದರು, ಅಲ್ಲಿ ಬಂಡೆಯೇ ಹಿಮ. ನಮ್ಮದಕ್ಕಿಂತ ಸುಮಾರು ಒಂದೂವರೆ ಪಟ್ಟು ಒತ್ತಡದ ಗಾಳಿ. ದ್ರವ ಮೀಥೇನಿನ ಮಳೆ, ಹೊಳೆ, ಕೆರೆ. ಹ್ಯೂಗನ್ಸ್ ಇಳಿದ ಜಾಗದಲ್ಲಿ ಅಂಗೈಯಷ್ಟು ದೊಡ್ಡ ದುಂಡು ಕಲ್ಲುಗಳು ಬಿದ್ದಿದ್ದವು. ತುಂಗಭದ್ರೆಯ ದಂಡೆಯಲ್ಲಿ ಬರಿಗಾಲಲ್ಲಿ ನಡೆದವರಿಗೆ ಆ ಫೋಟೋ ನೋಡಿದರೆ ಅಂಗಾಲು ಜುಮ್ಮೆನ್ನುತ್ತದೆ. ಹರಿಯುವ ಯಾವುದೋ ಉರುಳಿಸಿದ ಕಲ್ಲುಗಳು ಅವು.

ಕುಂಚ ಯಾರದಿರಬೇಕು ಅಂದರೆ, ನನ್ನ ಓಟು ನಮ್ಮ ಕೆ. ವೆಂಕಟಪ್ಪನವರಿಗೆ. ಬೋನ್‌ಸ್ಟೆಲ್‌ರ ಸರೀಕರು, ಮೈಸೂರು ಅರಮನೆಯ ನಂಟಿದ್ದವರು. ಅವರ ಊಟಿ ಜಲವರ್ಣಗಳನ್ನು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆಗಾಗಿ ಇಟ್ಟುಕೊಂಡಿದ್ದಾರೆ. ಮಂಜು ಬೆಟ್ಟವನ್ನು ಅರ್ಧ ನುಂಗಿ ಅರ್ಧ ಬಿಡುವ ಗಳಿಗೆಯನ್ನು ಅವರ ಹಾಗೆ ಕಾದು ಹಿಡಿದವರು ಕಡಿಮೆ. ಟೈಟಾನ್ ಚೂಪು ನೆರಳಿನ ಊರಲ್ಲ, ಮಬ್ಬಿನ ಊರು.

## ಆಳಕ್ಕೆ

ಇದು ಸೈನ್ಸ್ ಫಿಕ್ಷನ್ ಚಿತ್ರವಾ, ವಿಜ್ಞಾನದ ಚಿತ್ರವಾ?

ಬೇರೆ ಗ್ರಹದ ಜೀವಿ, ಹಾರುವ ಕಾರು, ಗಾಜಿನ ನಗರ ಯಾವುದೂ ಇದರಲ್ಲಿ ಇಲ್ಲ. ಆ ಲೆಕ್ಕಕ್ಕೆ ಫಿಕ್ಷನ್ ಅಲ್ಲ. ಆದರೆ ‘ಇಲ್ಲಿ ನಿಂತು ನೋಡಿ’ ಅಂತ ಕರೆಯುವುದೇ ಒಂದು ಕಥೆ ಅಲ್ವಾ? ನಿಲ್ಲಬೇಕಾದರೆ ಯಾರೋ ಹೋಗಿರಬೇಕು. ಚಿತ್ರದ ಭವಿಷ್ಯಕಾಲ ಇರುವುದು ವಸ್ತುಗಳಲ್ಲಲ್ಲ, ನೋಡುವವನು ನಿಂತ ಜಾಗದಲ್ಲಿ. 1952ರಿಂದ 1954ರವರೆಗೆ ‘ಕೊಲಿಯರ್ಸ್’ ಪತ್ರಿಕೆಯಲ್ಲಿ ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ ಲೇಖನಗಳಿಗೆ ಇದೇ ಬೋನ್‌ಸ್ಟೆಲ್ ಚಿತ್ರ ಬರೆದರು. ಗೋಲ್ಡನ್ ಗೇಟ್ ಸೇತುವೆಗೆ ಮಾಡಿದ ಕೆಲಸವನ್ನೇ ಇಲ್ಲೂ ಮಾಡಿದರು ಅನ್ನಿಸುತ್ತದೆ. ಕಟ್ಟುವ ಮೊದಲೇ ಕಟ್ಟಿ ತೋರಿಸುವುದು.

ಬೇರೆ ಲೋಕ ಅಂತಾರೆ. ನನಗೇನೋ ಅಮೆರಿಕದ ಕೌಬಾಯ್ ಸಿನಿಮಾದ ಕಣಿವೆ ಥರ ಕಾಣುತ್ತೆ.

ಧಾರವಾಡದ ಒಬ್ಬ ಹುಡುಗಿ ಕೇಳಿದ್ದು ಇದು. ತುಂಬಾ ಒಳ್ಳೆಯ ಕಣ್ಣು.

ಅಮೆರಿಕದ ಪಶ್ಚಿಮದ ಬೆಟ್ಟಗಳನ್ನು ದೊಡ್ಡದಾಗಿ, ಖಾಲಿಯಾಗಿ, ದೈವಿಕವಾಗಿ ಬರೆಯುವ ಒಂದು ಪರಂಪರೆಯೇ ಇದೆ. 1871ರಲ್ಲಿ ಥಾಮಸ್ ಮೊರಾನ್ ಎಂಬ ಚಿತ್ರಕಾರ ಸರ್ಕಾರದ ಸರ್ವೆ ತಂಡದ ಜೊತೆ ಯೆಲ್ಲೋಸ್ಟೋನಿಗೆ ಹೋಗಿ ಚಿತ್ರ ಬರೆದು ತಂದರು. ದೂರದ ರಾಜಧಾನಿಯಲ್ಲಿ ಕೂತವರಿಗೆ ಆ ಜಾಗ ಕಣ್ಣಿಗೆ ಕಟ್ಟಿತು. 1872ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಅವರ ದೊಡ್ಡ ಕ್ಯಾನ್ವಾಸನ್ನು ಸಂಸತ್ತು 10,000 ಡಾಲರಿಗೆ ಕೊಂಡಿತು. ಕ್ಯಾಲಿಫೋರ್ನಿಯಾದ ಬೋನ್‌ಸ್ಟೆಲ್ ಬೆಳೆದದ್ದು ಈ ಬೆಟ್ಟಗಳ, ಈ ಚಿತ್ರಗಳ ನಾಡಿನಲ್ಲಿ. ಟೈಟಾನ್ ಬರೆಯಲು ಕೂತಾಗ ಕೈಗೆ ಬಂದದ್ದು ಗೊತ್ತಿದ್ದ ಕಲ್ಲೇ.

ಇಲ್ಲಿ ಒಂದು ತೊಡಕಿದೆ. ಆ ಹಳೆಯ ಚಿತ್ರಗಳು ಯೆಲ್ಲೋಸ್ಟೋನನ್ನು ಖಾಲಿ ಜಾಗದ ಹಾಗೆ ತೋರಿಸಿದವು. ಅದು ಖಾಲಿ ಇರಲಿಲ್ಲ. ಶೊಶೋನಿ, ಕ್ರೋ ಮೊದಲಾದ ಜನ ಅಲ್ಲಿ ಓಡಾಡಿಕೊಂಡಿದ್ದರು. ‘ಖಾಲಿ ಇದೆ, ಬನ್ನಿ’ ಅನ್ನುವ ಭಾಷೆಯಲ್ಲಿ ಒಂದು ಸುಳ್ಳಿತ್ತು. ಟೈಟಾನ್ ವಿಷಯದಲ್ಲಿ ಆ ಭಾಷೆ ಯಾರನ್ನೂ ಓಡಿಸುವುದಿಲ್ಲ, ನಿಜ. ಆದರೂ ಬೇರೆ ಲೋಕದ ಚಿತ್ರ ನೋಡುವಾಗ ಇದು ಯಾರ ಮನೆಯ ಹಿತ್ತಲಿನಿಂದ ಎತ್ತಿದ ಬೆಟ್ಟ ಅಂತ ಕೇಳಿ. ಉತ್ತರ ಹೆಚ್ಚಾಗಿ ಚಿತ್ರಕಾರರ ಊರಲ್ಲೇ ಸಿಗುತ್ತದೆ.

ಮನುಷ್ಯರನ್ನ ಚಿಕ್ಕದಾಗಿ ಒಂದು ಮೂಲೆಯಲ್ಲಿ ಬರೆಯೋದು ಯಾಕೆ? ಇಂಥ ಚಿತ್ರಗಳಲ್ಲಿ ಯಾವಾಗ್ಲೂ ಹಾಗೇ.

ಅಳತೆಗೆ. ಬೆಟ್ಟಕ್ಕೆ ಅಳತೆ ಇಲ್ಲ. ಕಲ್ಲನ್ನು ಹತ್ತಿರದಿಂದ ಬರೆದರೆ ಅದೇ ಬೆಟ್ಟ. ಪಕ್ಕದಲ್ಲಿ ಇರುವೆಯಷ್ಟು ಮನುಷ್ಯ ಇಟ್ಟರೆ ತಟ್ಟನೆ ಎಲ್ಲ ದೊಡ್ಡದಾಗುತ್ತದೆ. ಸುಲಭದ ಉಪಾಯ, ಈಗಿನವರು ಅತಿಯಾಗಿ ಬಳಸುತ್ತಾರೆ ಅನ್ನುವುದು ನನ್ನ ದೂರು.

ಈಗ ಕಂಪ್ಯೂಟರೇ ಇಂಥ ಚಿತ್ರ ಮಾಡಿಕೊಡುತ್ತೆ. ಅದಕ್ಕೂ ಇದೇ ಪರೀಕ್ಷೆ ನಡೆಯುತ್ತಾ?

ನಡೆಯುತ್ತದೆ, ಮಜವಾಗಿಯೂ ಇರುತ್ತದೆ. ಸೂರ್ಯನನ್ನು ಹುಡುಕಿ, ಉಂಗುರದ ನೆರಳು ಹುಡುಕಿ, ಕತ್ತಲ ಮಗ್ಗುಲಿನ ಗ್ರಹದ ಒಳಗೆ ನಕ್ಷತ್ರ ಮಿನುಗುತ್ತಿದೆಯಾ ನೋಡಿ. ತಪ್ಪು ಸಿಗುತ್ತದೆ. ಆದರೆ ಬೋನ್‌ಸ್ಟೆಲ್‌ರ ನೀಲಿ ಆಕಾಶದ ಹಿಂದೆ ಒಂದು ಕಾರಣ ಇತ್ತು, ತಪ್ಪಾದರೂ ಕಾರಣ. ಕಂಪ್ಯೂಟರ್ ಚಿತ್ರದಲ್ಲಿ ಆಕಾಶ ನೇರಳೆ ಯಾಕೆ ಅಂತ ಕೇಳಿದರೆ ಎದುರಿಗೆ ಯಾರೂ ಇಲ್ಲ.

ಇದೇ ದೃಶ್ಯ ನಿಜವಾಗಿ ಕಾಣೋ ಜಾಗ ಎಲ್ಲೂ ಇಲ್ವಾ?

ಹತ್ತಿರಕ್ಕೆ ಬರುವಂಥದ್ದು ಇದೆ. ಶನಿಯ ಇನ್ನೊಂದು ಚಂದ್ರ ಐಯಾಪಿಟಸ್. ಅದರ ದಾರಿ ಉಂಗುರಗಳ ಮಟ್ಟಕ್ಕೆ ಸುಮಾರು 15 ಡಿಗ್ರಿ ಓರೆ. ಅಲ್ಲಿಂದ ಉಂಗುರಗಳು ಬರೀ ಗೆರೆಯಾಗಿ ಉಳಿಯದೆ ಒಂದಿಷ್ಟು ಬಿಚ್ಚಿಕೊಳ್ಳುತ್ತವೆ. ಶನಿ ಮಾತ್ರ ಚಿಕ್ಕದು, ಎರಡು ಡಿಗ್ರಿಯಷ್ಟು. ಅಂದರೂ ನಾಲ್ಕು ಚಂದ್ರರ ಅಗಲ. ಮಬ್ಬು ಇಲ್ಲ, ಮೋಡ ಇಲ್ಲ. ಶನಿ ದಿನವೂ ಅದೇ ಜಾಗದಲ್ಲಿ. ನೀಲಿ ಆಕಾಶ ಮಾತ್ರ ಅಲ್ಲೂ ಸಿಗುವುದಿಲ್ಲ, ಕಪ್ಪು.

ಟೈಟಾನಿಗೆ ಡ್ರ್ಯಾಗನ್‌ಫ್ಲೈ ಅನ್ನುವ ಹಾರುವ ನೌಕೆಯನ್ನು 2028ರಲ್ಲಿ ಕಳಿಸುವ ಯೋಜನೆ ನಾಸಾದ್ದು, ತಲುಪುವುದು 2034ಕ್ಕೆ. ಅದರ ಕ್ಯಾಮೆರಾ ಮೊದಲ ಫೋಟೋ ಕಳಿಸಿದ ದಿನ ಈ ಹರಿದ ಪ್ರಿಂಟಿನ ಪಕ್ಕ ಅದನ್ನೂ ಅಂಟಿಸಬೇಕು ಅಂತ ಜಾಗ ಬಿಟ್ಟಿದ್ದೇನೆ.